ಜಾಡಿ

ಮಕ್ಕಳ ಕುರ್ಚಿ ದೊಡ್ಡವರಿಗೆ ಸಾಲದು.
ಗಣಿಯಲ್ಲಿ ಮೂವತ್ತು ವರ್ಷ ಬಗ್ಗಿ ದುಡಿದ ಓಡೆಲ್
ಮೊಣಕಾಲು ಗದ್ದಕ್ಕೆ ತಾಗಿಸಿ ಕೂತಿದ್ದ
ಶಾಲೆಯ ಊಟದ ಕೋಣೆಯಲ್ಲಿ, ನವೆಂಬರಿನ ಆ ಗುರುವಾರ.
ಪಕ್ಕದಲ್ಲಿ ಅವನ ಟೋಪಿಗೂ ಒಂದು ಕುರ್ಚಿ.

ಕೆಂಟಕಿಯ ಉದ್ದಗಲಕ್ಕೂ ಅದೇ ರಾತ್ರಿ, ಅದೇ ಏಳು ಗಂಟೆಗೆ
ದೀಪ ಹೊತ್ತಿಸಿಕೊಂಡ ಶಾಲೆಗಳಿದ್ದವಂತೆ:
ತಂಬಾಕಿನ ಬಯಲಲ್ಲಿ, ನದಿದಂಡೆಯ ಕಾರ್ಖಾನೆ ಊರಲ್ಲಿ,
ನಮ್ಮ ಮಕ್ಕಳಿಗಿಂತ ಒಳ್ಳೆಯ ಸೂರು
ಕುದುರೆಗಳಿಗಿರುವ ಆ ಹಸಿರು ಸೀಮೆಯಲ್ಲೂ.
ನಮಗೇನು ಗೊತ್ತು? ನಾವು ಕಂಡದ್ದು
ನಮ್ಮ ಕಣಿವೆಯ ಒಂಬತ್ತು ಟ್ರಕ್ಕು, ನನ್ನ ಹಳದಿ ಬಸ್ಸು.

ನಾನು ವರ್ಲೀನ್. ಬಸ್ಸು ಓಡಿಸುವವಳು.
ಮಾತಾಡು ಅಂದರು. ಮಾತು ಬಾರದವಳು ನಾನು,
ಡೀಸೆಲ್ ಲೆಕ್ಕದ ಪುಸ್ತಕ ತಂದಿದ್ದೆ,
ಅದರ ಅಂಚಿನಲ್ಲೆಲ್ಲ ಪೆನ್ಸಿಲಿನ ಗೀಚು.
ಓದಿದೆ:

ಐದು ಐವತ್ತು. ಹಾರ್ಲಿ ಹತ್ತಿದ. ಕತ್ತಲು. ಬೂಟು ಒದ್ದೆ.
ಆರು ಹತ್ತು. ಸ್ಟಿಡಮ್ ಮನೆಯ ಅವಳಿಗಳು.
ಇಬ್ಬರಿಗೂ ಒಂದೇ ಕೋಟು, ದಿನ ಬಿಟ್ಟು ದಿನ.
ಏಳು ನಲವತ್ತು. ಶಾಲೆ. ಹಾರ್ಲಿಗೆ ನಿದ್ದೆ.
ಎಬ್ಬಿಸಲು ಮನಸ್ಸಾಗಲಿಲ್ಲ. ಎಬ್ಬಿಸಿದೆ.

ಹೀಗೇ ನಾಲ್ಕು ಪುಟ.
ಯಾರೂ ಕೆಮ್ಮಲಿಲ್ಲ. ಗಣಿಯವರ ಊರಲ್ಲಿ
ಯಾರೂ ಕೆಮ್ಮದಿರುವುದು ಸಣ್ಣ ಮಾತಲ್ಲ.

ಆಮೇಲೆ ಅಡುಗೆಯ ಓಲೀಟಾ ಎದ್ದಳು.
ಏನೂ ಅನ್ನದೆ ಒಳಗೆ ಹೋಗಿ
ಪೀಚ್ ಹಣ್ಣು ಹಾಕಿಡುವ ಗಾಜಿನ ಜಾಡಿಯಲ್ಲಿ
ನಲ್ಲಿಯ ನೀರು ಹಿಡಿದು ತಂದು
ಶಿಕ್ಷಣಾಧಿಕಾರಿಯ ಮುಂದಿಟ್ಟಳು.
ಚಹಾ ಅಂದುಕೊಂಡು ಥ್ಯಾಂಕ್ಸ್ ಹೇಳಿದ ಪುಣ್ಯಾತ್ಮ.
ಬೆಲ್ಲದ ಬಣ್ಣ, ತುಕ್ಕಿನ ವಾಸನೆ.
'ಕುಡೀರಿ' ಅಂದಳು.

ವಸಂತದಲ್ಲಿ ರಾಜಧಾನಿಗೆ ಹೋದೆವು, ನನ್ನ ಬಸ್ಸಿನಲ್ಲೇ.
ಓಡೆಲನ ತೊಡೆಯ ಮೇಲೆ ಜಾಡಿ, ನಾಲ್ಕು ಗಂಟೆ,
ತಿರುವು ಬಂದಾಗೆಲ್ಲ ಕೂಸಿನಂತೆ ಎತ್ತಿ ಹಿಡಿಯುತ್ತಿದ್ದ.
ಅಮೃತಶಿಲೆಯ ಮೆಟ್ಟಿಲ ಕೆಳಗೆ ಉದ್ದನೆಯ ಮೇಜು;
ಊರೂರಿನವರು ಹೊತ್ತು ತಂದದ್ದು ಅದರ ಮೇಲೆ.
ಮೂರನೇ ತರಗತಿಯ ಮೇಲೆ ಬಿದ್ದ ಚಾವಣಿಯ ಹಲಗೆ.
ಅಳಿದುಹೋದ ದೇಶಗಳನ್ನು ಇನ್ನೂ ಆಳುವ ಭೂಪಟ.
ಒಂದೇ ಮನೆಯ ಅಜ್ಜಿ, ಮಗಳು, ಮೊಮ್ಮಗಳು
ಸರದಿಯಲ್ಲಿ ಹೆಸರು ಬರೆದ ಗಣಿತದ ಪುಸ್ತಕ.
ಒಬ್ಬಾಕೆ ಖಾಲಿ ಮೀನಿನ ತೊಟ್ಟಿ ಇಟ್ಟುಕೊಂಡು ನಿಂತಿದ್ದಳು.
ಇದೇನಮ್ಮಾ ಅಂದೆ.
'ನಮ್ಮ ವಿಜ್ಞಾನದ ಪ್ರಯೋಗಾಲಯ.'

ಹನಿಗೂಡಿದರೆ ಹಳ್ಳ, ನಿಜ.
ಆದರೆ ಹಳ್ಳಕ್ಕೆ ಇಳಿಜಾರು ಬೇಕಲ್ಲ,
ನಾವು ಹರಿಯಬೇಕಾದದ್ದು ಮೆಟ್ಟಿಲ ಮೇಲಕ್ಕೆ.

ಕೈ ಕುಲುಕಿದರು. ಫೋಟೋ ಹಿಡಿದರು.
ಯಾರೋ ದೊಡ್ಡವರು ಜಾಡಿಯನ್ನು ಬದಿಗೆ ಸರಿಸಿ
ತಮ್ಮ ಕಾಫಿ ಲೋಟ ಇಟ್ಟರು.
ಓಲೀಟಾ ಲೋಟವನ್ನೆತ್ತಿ ನೆಲದ ಮೇಲಿಟ್ಟಳು,
ಜಾಡಿ ಮತ್ತೆ ತನ್ನ ಜಾಗಕ್ಕೆ.

ಮತ್ತೆ ಹೋದೆವು. ಮರುವರ್ಷ ಮತ್ತೆ.
ಬಾಗಿಲ ಕಾವಲಿನವ
ಜಾಡಿಯ ಯೋಗಕ್ಷೇಮ ಕೇಳುವಷ್ಟು ಸಲ ಹೋದೆವು.

ಈಗ ಹೊಸ ಪೈಪು ಬಂದಿದೆ. ಚಾವಣಿ ಅರ್ಧ ಆಗಿದೆ.
ಇನ್ನೊಂದು ಬಸ್ಸು ಕೊಟ್ಟರು;
ಹಾರ್ಲಿಯ ತಂಗಿ ಹತ್ತುವಾಗ ಬೆಳಕಿರುತ್ತದೆ.
ಹಾರ್ಲಿಗೆ ಮಾತ್ರ ತಡವಾಯಿತು,
ಅವನು ಹತ್ತನೆಯ ತರಗತಿಗೇ ಬಿಟ್ಟ. ಅದನ್ನೂ ಅಂಚಿನಲ್ಲಿ ಬರೆದಿದ್ದೇನೆ.
ಮಂಗಳವಾರ ಓಡೆಲ್ ಬರುತ್ತಾನೆ,
ಅದೇ ಪುಟ್ಟ ಕುರ್ಚಿಯಲ್ಲಿ ಕೂತು
ತಡವರಿಸುವ ಮಕ್ಕಳ ಓದಿಗೆ ಕಿವಿಯಾಗುತ್ತಾನೆ.
ಬೆನ್ನು ನೋಯುವುದಿಲ್ಲವೇ ಅಂದರೆ
'ಇದಕ್ಕಿಂತ ತಗ್ಗಿನ ಸೂರು ಕಂಡವನು' ಅನ್ನುತ್ತಾನೆ.

ಜಾಡಿ ಊಟದ ಕೋಣೆಯ ಕಿಟಕಿಯಲ್ಲಿದೆ.
ಮಡ್ಡಿಯೆಲ್ಲ ತಳಕ್ಕಿಳಿದು ಮೇಲೆ ತಿಳಿನೀರು;
ನೋಡಿದವರು ಏನೂ ಆಗಿಲ್ಲ ಅಂದುಕೊಳ್ಳಬೇಕು.
ಹೊಸ ಅಧಿಕಾರಿಗೆ ಅದು ಹಾಗೇ ಇದ್ದರೆ ಚಂದ.

ಪ್ರತಿ ಸಭೆಗೂ ಮೊದಲು ಓಲೀಟಾ
ಏಪ್ರನ್ನಿಗೆ ಕೈ ಒರೆಸಿಕೊಂಡು
ಅದನ್ನೊಮ್ಮೆ ಚೆನ್ನಾಗಿ ಅಲುಗಿಸಿ ಇಡುತ್ತಾಳೆ.